ಮಲೆನಾಡಿನ ಮಳೆಯಲ್ಲಿ ಬಡ್ಜಿ ಸಾಕಿದ್ದು

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಅಂಗಳದ ಪಕ್ಕ ಬಡ್ಜಿಗಳಿಗೆ ದೊಡ್ಡ ಗೂಡು ಕಟ್ಟಿದ್ದೇನೆ. ಊರಲ್ಲಿ ಎಲ್ಲರೂ ಲವ್ ಬರ್ಡ್ಸ್ ಅಂತಾರಲ್ಲ, ಅದೇ ಹಕ್ಕಿ. ಅದರ ಮೂಲ ಆಸ್ಟ್ರೇಲಿಯಾದ ಒಣ ಬಯಲು. ನಮ್ಮದೋ, ಜೂನಲ್ಲಿ ಹಿಡಿದರೆ ಬಿಡದ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಹಾಗಾಗಿ ಬಯಲುಸೀಮೆಯವರು ಸಾಕುವ ಕ್ರಮ ನಮಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಏನೇ ಮಾಡಿದರೂ ಮೊದಲು ತೇವದ ಯೋಚನೆ ಮಾಡಬೇಕು.

ಗೂಡು ಕಟ್ಟುವಾಗ ನೆಲದಿಂದ ಎರಡು ಅಡಿ ಜಂಬಿಟ್ಟಿಗೆಯ ಕಟ್ಟೆ ಎಬ್ಬಿಸಿದೆ. ಒಳಗೆ ಸಿಮೆಂಟ್ ನೆಲ, ನೀರು ಹರಿದುಹೋಗಲು ಸ್ವಲ್ಪ ಇಳಿಜಾರು. ಮಳೆ ಬೀಸುವುದು ಪಶ್ಚಿಮದಿಂದ, ನೈರುತ್ಯದಿಂದ. ಆ ಕಡೆಯೆಲ್ಲ ಗೋಡೆ. ಪೂರ್ವಕ್ಕೆ ಮಾತ್ರ ಪೂರ್ತಿ ಜಾಲರಿ, ಬೆಳಗಿನ ಎಳೆಬಿಸಿಲು ನೇರ ಒಳಗೆ ಬರಲಿ ಅಂತ. ಮೇಲೆ ಹೆಂಚು, ಸೂರು ಚೆನ್ನಾಗಿ ಮುಂದಕ್ಕೆ ಚಾಚಿದೆ. ಮೇ ಕೊನೆಗೆ ಮನೆಗೆ ಕಟ್ಟುವ ಹಾಗೆಯೇ ಗೂಡಿಗೂ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇನೆ. ಟಾರ್ಪಾಲು ಸುಲಭ, ನಿಜ. ಆದರೆ ಅದು ಗಾಳಿಯನ್ನೂ ತಡೆಯುತ್ತದೆ. ಹಿಕ್ಕೆಯ ವಾಸನೆ, ತೇವ ಎಲ್ಲ ಒಳಗೇ ಉಳಿಯುತ್ತದೆ. ಸೋಗೆ ಎರಚಲು ತಡೆದು ಗಾಳಿ ಬಿಡುತ್ತದೆ.

ಜಾಲರಿ ಅರ್ಧ ಇಂಚಿನ ವೆಲ್ಡ್ ಮೆಶ್ ಆಗಬೇಕು. ಕೋಳಿ ಜಾಲರಿಯಲ್ಲಿ ಇಲಿಮರಿ, ಸಣ್ಣ ಹಾವು ಸಲೀಸಾಗಿ ನುಸುಳುತ್ತವೆ. ಚೆಲ್ಲಿದ ಕಾಳಿಗೆ ಇಲಿ, ಇಲಿಯ ಹಿಂದೆ ಕೇರೆಹಾವು. ಅದಕ್ಕೇ ಸಂಜೆ ಗುಡಿಸುವುದನ್ನು ನಾನು ಒಂದು ದಿನವೂ ಬಿಡುವುದಿಲ್ಲ. ಹೊಸ ಜಾಲರಿಯ ಸತುವಿನ ಲೇಪ ಹಕ್ಕಿಗೆ ವಿಷ. ಬಡ್ಜಿ ಕೊಕ್ಕಿನಿಂದ ಕಚ್ಚಿಕೊಂಡೇ ಜಾಲರಿ ಹತ್ತುತ್ತದೆ, ಅಲ್ವಾ? ವಿನೆಗರ್ ಹಾಕಿ ಬ್ರಷ್‌ನಿಂದ ಉಜ್ಜಿ, ತೊಳೆದು, ಒಣಗಿಸಿದ ಮೇಲೆಯೇ ಹೊಡೆಯಿರಿ. ಒಳಗೆ ಹೋಗುವಾಗ ಹಕ್ಕಿ ಹಾರಿಹೋಗದ ಹಾಗೆ ಬಾಗಿಲು ಒಂದರ ಹಿಂದೆ ಒಂದು, ಎರಡು ಇರಲಿ.

ಮಳೆಗಾಲದಲ್ಲಿ ನನಗೆ ಜಾಸ್ತಿ ಭಯ ಕಾಳಿನದು. ನವಣೆ, ಸಜ್ಜೆ ಎರಡಕ್ಕೂ ಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷಕ್ಕೆ ಹಕ್ಕಿಯ ಪಿತ್ತಜನಕಾಂಗ (ಲಿವರ್) ಹಾಳಾಗುತ್ತದೆ, ಹೊರಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ದಿನಾ ಒಂದು ಹಿಡಿ ಕಾಳು ಅಂಗೈಯಲ್ಲಿ ಹಾಕಿ ಉಜ್ಜಿ ಮೂಸುತ್ತೇನೆ. ಒಳ್ಳೆಯ ನವಣೆ ಜಾರುತ್ತದೆ, ಒಣ ಹುಲ್ಲಿನ ವಾಸನೆ ಇರುತ್ತದೆ. ಕೈಗೆ ಅಂಟಿದರೆ, ಮುಗ್ಗಲು ವಾಸನೆ ಬಂದರೆ ಇಡೀ ಡಬ್ಬಿ ಗೊಬ್ಬರದ ಗುಂಡಿಗೆ. ಜುಲೈನಲ್ಲಿ ವಾರಕ್ಕೆ ಬೇಕಾದಷ್ಟನ್ನೇ ತರುತ್ತೇನೆ. ಅಮ್ಮ ಅದನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಆರಿದ ಮೇಲೆ ಸ್ಟೀಲ್ ಡಬ್ಬಿಗೆ ತುಂಬುತ್ತಾರೆ. ಮೊಳಕೆ ಕಾಳು ಬೇಸಿಗೆಗೆ ಚೆನ್ನ. ಮಳೆಗಾಲದಲ್ಲಿ ಕೊಡುವುದೇ ಇಲ್ಲ.

ಇನ್ನೊಂದು ತೋಟದ ಔಷಧಿ. ಮಳೆ ಹಿಡಿಯುವ ಮುಂಚೆ ಒಮ್ಮೆ, ಒಂದೂವರೆ ತಿಂಗಳಿಗೆ ಮತ್ತೊಮ್ಮೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ. ಮೈಲುತುತ್ತಿನ ಆ ದ್ರಾವಣ ಗಾಳಿಯಲ್ಲಿ ತೇಲಿ ಬಂದು ಹಕ್ಕಿಯ ನೀರಿಗೆ ಬೀಳಬಾರದು. ಅಡಿಕೆ ಮರ ಹತ್ತುವ ನಮ್ಮ ಕೊನೆಗಾರ ಹಿಂದಿನ ದಿನವೇ ಬಂದು, "ನಾಳೆ ಮೇಲಿನ ತೋಟಕ್ಕೆ ಔಷಧಿ ಅಯ್ಯಾ, ಹಕ್ಕಿಗೂಡು ಮುಚ್ಕಳಿ" ಅನ್ನುತ್ತಾನೆ. ಅವತ್ತು ಮಾತ್ರ ಟಾರ್ಪಾಲು. ಅಡಿಕೆ ಬೇಯಿಸುವ ಒಲೆಯೂ ಗೂಡಿನಿಂದ ದೂರವೇ ಇರಲಿ. ಹೊಗೆ ಹಕ್ಕಿಯ ಶ್ವಾಸಕ್ಕೆ ಬಹಳ ಕೆಟ್ಟದ್ದು.

ಮಳೆ ಶುರುವಾಗುತ್ತಿದ್ದ ಹಾಗೆ ಮೊಟ್ಟೆಯ ಮಡಕೆಗಳನ್ನು ಇಳಿಸಿಬಿಡುತ್ತೇನೆ. ಬಿಸಿಲಿಲ್ಲದೆ ಡಿ ವಿಟಮಿನ್ ಇಲ್ಲ, ಅದಿಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ. ಆಗ ಹೆಣ್ಣಿಗೆ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಅಂಥ ಹಕ್ಕಿ ಮೈ ಉಬ್ಬಿಸಿಕೊಂಡು ನೆಲದ ಮೂಲೆಯಲ್ಲಿ ಕೂತುಬಿಡುತ್ತದೆ. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತದೆ. ಕಂಡ ತಕ್ಷಣ ಬಲ್ಬಿನ ಬಿಸಿಯಲ್ಲಿಟ್ಟು ಪಶುವೈದ್ಯರ ಹತ್ತಿರ ಓಡಬೇಕು, ಸುಮ್ನೆ ಕಾಯಬಾರದು. ದೀಪಾವಳಿ ಕಳೆದು ಬಿಸಿಲು ನಿಂತ ಮೇಲೆ ಮತ್ತೆ ಮಡಕೆ ಕಟ್ಟುತ್ತೇನೆ, ಜೊತೆಗೆ ಸುಣ್ಣದಂಶಕ್ಕೆ ಕಟಲ್ ಬೋನ್ (ಕಟಲ್ ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು). ಸಾಮಾನ್ಯವಾಗಿ 4ರಿಂದ 6 ಮೊಟ್ಟೆ, ಕಾವು 18 ದಿನ.

ಪಕ್ಕದ ಮನೆ ಹುಡುಗ ಒಮ್ಮೆ, "ಅಣ್ಣ, ಗಿಳಿಮರಿ ಸಿಕ್ಕಿದೆ, ನಿಮ್ಮ ಗೂಡಲ್ಲಿ ಬಿಡ್ಲಾ?" ಅಂತ ತಂದಿದ್ದ. ನಮ್ಮ ಕಾಡಿನ ಗಿಳಿ, ಮೈನಾ, ಮುನಿಯಾ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಇಬ್ಬರೂ ಹೋಗಿ ಮರಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸಿ ಬಂದೆವು. ಬಡ್ಜಿ, ಕಾಕಟೀಲ್‌ಗೆ ಆ ತೊಡಕಿಲ್ಲ. ಆದರೆ ಆಫ್ರಿಕನ್ ಗ್ರೇ, ಮಕಾವ್ ಥರದ ವಿದೇಶಿ ಗಿಳಿ ತರುವುದಾದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ದುಡ್ಡು ಕೊಡುವ ಮೊದಲೇ ಮಾರುವವರ ಹತ್ತಿರ ಕಾಗದ ಕೇಳಿ.