ಕಾಲುವೆಯ ಕೊನೆಭಾಗದಲ್ಲಿ ಬಳಕೆದಾರರ ಅಧ್ಯಯನ: ನನ್ನ ಅನುಭವ

ಯಾವುದೇ ಆ್ಯಪ್ ಅಥವಾ ಸೇವೆಯನ್ನು ರೂಪಿಸುವ ಮೊದಲು, ಅದನ್ನು ಬಳಸಲಿರುವವರ ಬಳಿ ಹೋಗಿ, ಅವರು ಆ ಕೆಲಸವನ್ನು ಈಗ ಹೇಗೆ ಮಾಡಿಕೊಳ್ಳುತ್ತಿದ್ದಾರೆ ಎಂದು ತಿಳಿದುಕೊಳ್ಳುವುದು ನನ್ನ ವೃತ್ತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಸುದ್ದಿಯನ್ನು ರಾಯಚೂರು ಜಿಲ್ಲೆಯ ರೈತರಿಗೆ ಮುಟ್ಟಿಸುವ ಫೋನ್ ಸೇವೆಯೊಂದಕ್ಕಾಗಿ ನಡೆಸಿದ ಅಧ್ಯಯನವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಕೆಲಸ ಒಪ್ಪಿಸಿದವರು ನನ್ನ ಮುಂದಿಟ್ಟ ಪ್ರಶ್ನೆ, ರೈತರಿಗೆ ಆ್ಯಪ್‌ನಲ್ಲಿ ಏನೇನು ಬೇಕು ಎಂಬುದಾಗಿತ್ತು. ಅದನ್ನು ನಾನು ಮೊದಲ ಸಭೆಯಲ್ಲಿಯೇ ಬೇರೆ ರೀತಿಯಲ್ಲಿ ಬರೆದುಕೊಂಡೆ: ನೀರಿನ ಸುದ್ದಿ ಕಿವಿಗೆ ಬಿದ್ದ ಮೇಲೆ ರೈತರು ಯಾವ ತೀರ್ಮಾನ ತೆಗೆದುಕೊಳ್ಳುತ್ತಾರೆ, ಮತ್ತು ಆ ಸುದ್ದಿ ತಡವಾದರೆ ಅಥವಾ ಸುಳ್ಳಾದರೆ ಅವರಿಗೆ ಯಾವ ನಷ್ಟವಾಗುತ್ತದೆ? ಏನು ಬೇಕೆಂದು ಕೇಳಿದರೆ ಬಯಕೆಗಳ ಪಟ್ಟಿ ಸಿಗುತ್ತದೆ. ಯಾವ ತೀರ್ಮಾನ ಯಾವ ದಿನ ಆಗುತ್ತದೆ ಎಂಬುದು ಗೊತ್ತಾದರೆ ಮಾತ್ರ ಸೇವೆಯ ರೂಪ ನಿಶ್ಚಯವಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮುನಿರಾಬಾದ್ ಬಳಿ ತುಂಗಭದ್ರಾ ಜಲಾಶಯದಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆಯು ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಭಾಗವನ್ನು ದಾಟಿ, ಸಿಂಧನೂರು, ಮಾನ್ವಿ, ಸಿರವಾರ ತಾಲ್ಲೂಕುಗಳ ಮೂಲಕ ರಾಯಚೂರಿನ ಕಡೆಗೆ ಸುಮಾರು 227 ಕಿಲೋಮೀಟರ್ ಹರಿಯುತ್ತದೆ. ಯೋಜನೆ ರೂಪುಗೊಂಡಾಗ ಅಚ್ಚುಕಟ್ಟಿನ ಬಹುಭಾಗವನ್ನು ಕಡಿಮೆ ನೀರು ಬೇಡುವ ಬೆಳೆಗಳಿಗೆಂದು ಗುರುತಿಸಲಾಗಿತ್ತು. ಆದರೆ ಮೇಲ್ಭಾಗದಲ್ಲಿ ಭತ್ತ ವ್ಯಾಪಕವಾಗಿ ಹಬ್ಬಿತು, ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವುದೂ ಬೆಳೆಯಿತು, ಹೂಳು ತುಂಬಿ ಜಲಾಶಯದ ಸಾಮರ್ಥ್ಯವೇ 133 ಟಿಎಂಸಿ ಅಡಿಯಿಂದ ಸುಮಾರು 105 ಟಿಎಂಸಿ ಅಡಿಗೆ ಇಳಿಯಿತು. ಇದರ ಪರಿಣಾಮವಾಗಿ, ಕಾಲುವೆಗೆ ನೀರು ಬಿಡಲಾಗಿದೆ ಎಂಬುದು ಗಂಗಾವತಿಯ ರೈತರಿಗೆ ಪೂರ್ಣ ಸುದ್ದಿಯಾದರೆ, ಮಾನ್ವಿ, ಸಿರವಾರ ಭಾಗದವರಿಗೆ ಅದು ಸುದ್ದಿಯ ಮೊದಲ ಸಾಲು ಮಾತ್ರ. ನೀರಾವರಿ ಸಲಹಾ ಸಮಿತಿ ಕಾಲುವೆಗೆ ನೀರು ಬಿಡಲು ತೀರ್ಮಾನಿಸಿದ ದಿನಕ್ಕೂ ಕೊನೆಭಾಗದ ಉಪಕಾಲುವೆಯ ತೂಬಿನಲ್ಲಿ ನೀರು ಕಾಣಿಸುವ ದಿನಕ್ಕೂ ನಡುವಿನ ಅವಧಿಯಲ್ಲಿಯೇ ಅವರ ಚಿಂತೆಯೆಲ್ಲ ಇದೆ. ಆದ್ದರಿಂದ ಅಧ್ಯಯನದ ಕೇಂದ್ರವನ್ನು ಕೊನೆಭಾಗದಲ್ಲಿ ಇರಿಸಿ, ಮೇಲ್ಭಾಗವನ್ನು ಹೋಲಿಕೆಗಾಗಿ ಇಟ್ಟುಕೊಂಡೆ.

ಯಾರನ್ನು ಭೇಟಿಯಾಗಬೇಕು ಎಂಬುದನ್ನು ಊರಿಗೆ ಹೋದ ಮೇಲೆ ನಿರ್ಧರಿಸುವುದು ಸರಿಯಲ್ಲ. ಊರಿನ ಮುಖಂಡರ ಕಟ್ಟೆಯ ಮೇಲೆ ಕುಳಿತುಬಿಟ್ಟರೆ ಅವರ ಬಳಗದವರ ಮಾತಷ್ಟೇ ಕೇಳಿಸುತ್ತದೆ. ನಾನು ಮೊದಲೇ ವಿಂಗಡಣೆ ಮಾಡಿಕೊಂಡೆ: ಸ್ವಂತ ಹೊಲದವರು, ಹೊಲವನ್ನು ಲೀಜಿಗೆ ಮಾಡುವವರು, ಕೊಳವೆಬಾವಿಯ ಆಸರೆ ಇರುವವರು, ಇಲ್ಲದವರು, ಕ್ಯಾಂಪ್ ಎಂದು ಕರೆಯುವ ವಲಸಿಗರ ಊರುಗಳಲ್ಲಿ ನೆಲೆಸಿರುವ ತೆಲುಗು ಮನೆಮಾತಿನವರು, ನಾಟಿ ಗುಂಪುಗಳನ್ನು ಕರೆದೊಯ್ಯುವ ಮಹಿಳೆಯರು, ಮತ್ತು ಕಾಲುವೆಯ ಮೇಲೆ ದುಡಿಯುವ ಗ್ಯಾಂಗ್‌ಮನ್‌ಗಳು. ಲೀಜಿನವರನ್ನು ಬೇರೆಯಾಗಿಯೇ ಮಾತನಾಡಿಸುವುದು ಅಗತ್ಯವಾಗಿತ್ತು, ಏಕೆಂದರೆ ನೀರು ಬಂದರೂ ಬಾರದಿದ್ದರೂ ಹೊಲದ ಯಜಮಾನರಿಗೆ ಹಣ ಕೊಡಬೇಕಾದವರು ಅವರು, ಹಾಗಾಗಿ ಸುದ್ದಿ ತಪ್ಪಿದರೆ ಮೊದಲು ಪೆಟ್ಟು ಬೀಳುವುದು ಅವರಿಗೆ. ಪರಿಚಯಕ್ಕೆ ನಾನು ಆಶ್ರಯಿಸಿದ್ದು ಗೊಬ್ಬರ, ಕ್ರಿಮಿನಾಶಕಗಳ ಅಂಗಡಿಗಳನ್ನು. ಅಲ್ಲಿಗೆ ಎಲ್ಲ ಬಗೆಯ ರೈತರೂ ಬರುತ್ತಾರೆ, ಯಾರಿಗೆ ಎಷ್ಟು ಉದ್ದರಿ ಇದೆ ಎಂಬುದು ಅಂಗಡಿಯವರಿಗೆ ಗೊತ್ತಿರುತ್ತದೆ, ಮತ್ತು ಅಲ್ಲಿ ಒಬ್ಬರನ್ನು ಮಾತನಾಡಿಸಿದರೆ ಊರಿನಲ್ಲಿ ಯಾರಿಗೂ ಸಂಶಯ ಬರುವುದಿಲ್ಲ.

ನಮ್ಮ ಭಾಗದ ಜನ ಮನೆಗೆ ಬಂದವರ ಮನಸ್ಸು ನೋಯಿಸುವುದಿಲ್ಲ. ಇಂಥ ಆ್ಯಪ್ ಬಂದರೆ ಬಳಸುತ್ತೀರಾ ಎಂದು ಕೇಳಿದರೆ, ಚಹಾ ಕೊಡುತ್ತಾ, ಬಳಸುತ್ತೇವೆ, ಬಹಳ ಚಲೋ ಆಗುತ್ತದೆ ಎಂದೇ ಹೇಳುತ್ತಾರೆ. ಆ ಉತ್ತರ ಅವರ ಸೌಜನ್ಯದ ಸಾಕ್ಷಿಯೇ ಹೊರತು ವಿನ್ಯಾಸಕ್ಕೆ ಆಧಾರವಲ್ಲ. ಆದ್ದರಿಂದ ಮುಂದೆ ಆಗಬಹುದಾದುದರ ಬಗ್ಗೆ ನಾನು ಪ್ರಶ್ನೆ ಕೇಳುವುದಿಲ್ಲ, ಆಗಿಹೋದುದನ್ನು ಮಾತ್ರ ಕೇಳುತ್ತೇನೆ. "ಹೋದ ಸಲ ನೀರು ಬಂದಾವಂತ ನಿಮಗ ಮೊದ್ಲು ಯಾರು ಹೇಳಿದ್ರಣ್ಣ?" ಎಂದು ಆರಂಭಿಸಿದರೆ, "ನಮ್ಮ ಅಳಿಯ ಸಿರವಾರದಾಗ ಅದಾನ್ರಿ, ಅವ ಫೋನ್ ಮಾಡಿದ" ಎಂಬ ಉತ್ತರ ಬರುತ್ತದೆ. ಅಲ್ಲಿಂದ ಅಳಿಯನಿಗೆ ಯಾರು ಹೇಳಿದರು, ನೀವು ಅದನ್ನು ನಂಬಿದಿರಾ, ನಂಬುವ ಮೊದಲು ಇನ್ನಾರಿಗೆ ಫೋನ್ ಮಾಡಿದಿರಿ, ಆ ದಿನ ಹೊಲದಲ್ಲಿ ಏನು ಮಾಡಿದಿರಿ ಎಂದು ಒಂದೊಂದೇ ಹೆಜ್ಜೆಯಾಗಿ ಸಾಗಬಹುದು.

ಹೀಗೆ ಒಂದು ನಿರ್ದಿಷ್ಟ ಘಟನೆಯನ್ನು ಹಿಡಿದು ಕೇಳುವ ವಿಧಾನವನ್ನು ಅಮೆರಿಕದ ಮನೋವಿಜ್ಞಾನಿ ಜಾನ್ ಫ್ಲಾನಗನ್ 1954ರಲ್ಲಿ ವ್ಯವಸ್ಥಿತವಾಗಿ ಮಂಡಿಸಿದರು. ನಮ್ಮ ಅಧ್ಯಯನಕ್ಕೆ ಅಂಥ ಘಟನೆಯನ್ನು ಹುಡುಕಬೇಕಾಗಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ (ಅಣೆಕಟ್ಟೆಯ ಮೇಲಿನ ಗೇಟು) ಕೊಚ್ಚಿಹೋದದ್ದು, ಒಂದು ವಾರದ ನಂತರ ಅದರ ಜಾಗಕ್ಕೆ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಿ ನೀರನ್ನು ತಡೆದದ್ದು ಇಲ್ಲಿನ ಯಾರಿಗೂ ಮರೆತಿಲ್ಲ. ಆ ವಾರದಲ್ಲಿ ಯಾರು ಯಾರಿಗೆ ಫೋನ್ ಮಾಡಿದರು, ಯಾವ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಿದರು, ಯಾವುದನ್ನು ಬಿಟ್ಟರು, ನಾಟಿ ನಿಲ್ಲಿಸಿದರೋ ಮುಂದುವರಿಸಿದರೋ ಎಂಬುದನ್ನು ಜನರು ಸವಿವರವಾಗಿ ಹೇಳಿದರು. ಸುದ್ದಿ ಸಾಗುವ ದಾರಿಯ ನಕ್ಷೆಯನ್ನು ನಾನು ಬರೆದುಕೊಂಡದ್ದು ಬಹುಮಟ್ಟಿಗೆ ಆ ಮಾತುಗಳಿಂದಲೇ. ಅದರಲ್ಲಿ ಒಂದು ಅಂಶ ಸ್ಪಷ್ಟವಾಗಿ ಕಂಡಿತು: ಸುದ್ದಿ ಎಲ್ಲಿಂದ ಬಂದರೂ, ಅದನ್ನು ದೃಢಪಡಿಸಿಕೊಳ್ಳಲು ಜನರು ತಮಗಿಂತ ಮೇಲ್ಭಾಗದಲ್ಲಿರುವ ಬಂಧುವನ್ನೋ ಪರಿಚಿತರನ್ನೋ ಕೇಳುತ್ತಿದ್ದರು. ಕಾಲುವೆಯ ಮೇಲ್ಭಾಗದಲ್ಲಿ ನೆಂಟರಿಲ್ಲದವರಿಗೆ ಸುದ್ದಿಯೂ ಕೊನೆಯಲ್ಲಿಯೇ ತಲುಪುತ್ತಿತ್ತು.

ಕುಳಿತು ಮಾತನಾಡಿದರೆ ತಿಳಿಯದ ಅನೇಕ ಸಂಗತಿಗಳು ಜೊತೆಯಲ್ಲಿ ನಡೆದರೆ ತಿಳಿಯುತ್ತವೆ. ಹಾಗಾಗಿ ಒಪ್ಪಿದವರೊಂದಿಗೆ ಹೊಲದಿಂದ ತೂಬಿನವರೆಗೂ, ತೂಬಿನಿಂದ ಉಪಕಾಲುವೆಯ ಮೇಲಕ್ಕೂ ನಡೆದೆ. ಅವರ ಅನುಮತಿ ಪಡೆದು ಫೋನಿನಲ್ಲಿದ್ದ ಸಂದೇಶಗಳನ್ನೂ ನೋಡಿದೆ. ನೀರಿನ ಮಟ್ಟ ತೋರಿಸುವ ಗೇಜಿನ ಹಲಗೆಯ ಫೋಟೊಗಳು, ಕಾಲುವೆಯ 69ನೇ ಮೈಲಿನಲ್ಲಿ ಎಷ್ಟು ಅಡಿ ನೀರಿದೆ ಎಂಬ ಧ್ವನಿಸಂದೇಶಗಳು ಅಲ್ಲಿದ್ದವು. ಕೀಪ್ಯಾಡ್ ಫೋನ್ ಹಿಡಿದ ಹಿರಿಯರೊಬ್ಬರು ಆ ಗೇಜಿನ ಅಂಕಿಯನ್ನು ಕೇಳಿದ ಕೂಡಲೇ, ಇಷ್ಟಿದ್ದರೆ 104ನೇ ಮೈಲಿಗೆ ಎಷ್ಟು ಬರುತ್ತದೆ, ತಮ್ಮ ತೂಬಿಗೆ ಏರುತ್ತದೆಯೇ ಇಲ್ಲವೇ ಎಂದು ಬಾಯಲ್ಲಿಯೇ ಲೆಕ್ಕ ಹಾಕಿ ಹೇಳಿದರು. ರೈತರಿಗೆ ಟಿಎಂಸಿ, ಕ್ಯೂಸೆಕ್‌ಗಳು ಅರ್ಥವಾಗುವುದಿಲ್ಲ, ಎಲ್ಲವನ್ನೂ ಚಿತ್ರಗಳಲ್ಲಿ ತೋರಿಸಬೇಕು ಎಂಬ ವಾದ ನಗರದ ವಿನ್ಯಾಸ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಈ ಅಚ್ಚುಕಟ್ಟಿನಲ್ಲಿ ಆ ವಾದಕ್ಕೆ ಯಾವ ಆಧಾರವೂ ಇಲ್ಲ. ಜಲಾಶಯದ ಪೂರ್ಣ ಮಟ್ಟ 1,633 ಅಡಿ ಎಂಬುದು ಚಹಾದ ಅಂಗಡಿಯ ಹುಡುಗನಿಗೂ ಗೊತ್ತು. ಅವರಿಗೆ ಕಷ್ಟವಾಗಿದ್ದುದು ಅಂಕಿಗಳಲ್ಲ. ಆ ಅಂಕಿ ಯಾವ ದಿನದ್ದು, ಯಾರು ನೋಡಿ ಹೇಳಿದ್ದು, ತಮ್ಮ ಉಪಕಾಲುವೆಯ ಗೇಟು ಆ ದಿನ ತೆರೆದಿರುತ್ತದೆಯೇ ಎಂಬುದು ಗೊತ್ತಾಗದಿರುವುದೇ ಅವರ ಕಷ್ಟವಾಗಿತ್ತು.

ಗ್ಯಾಂಗ್‌ಮನ್‌ಗಳನ್ನು ಮಾತನಾಡಿಸುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕಾಯಿತು. ಗೇಟಿನ ವಿಷಯದಲ್ಲಿ ಅವರ ಮೇಲೆ ಎಲ್ಲ ಕಡೆಯಿಂದಲೂ ಒತ್ತಡವಿರುತ್ತದೆ, ಅವರು ಹೇಳಿದ ಒಂದು ಮಾತು ಹೊರಬಿದ್ದರೂ ಅವರ ಕೆಲಸಕ್ಕೆ ತೊಂದರೆಯಾಗಬಹುದು. ಅವರ ಮಾತುಗಳನ್ನು ನಾನು ಧ್ವನಿಮುದ್ರಿಸಲಿಲ್ಲ, ಟಿಪ್ಪಣಿಯಲ್ಲಿ ಊರಿನ ಹೆಸರನ್ನಾಗಲಿ ಉಪಕಾಲುವೆಯ ಸಂಖ್ಯೆಯನ್ನಾಗಲಿ ಬರೆಯಲಿಲ್ಲ. ಉಳಿದವರಿಂದಲೂ ಅವರ ಭಾಷೆಯಲ್ಲಿಯೇ ವಿವರಿಸಿ ಒಪ್ಪಿಗೆ ಪಡೆದು, ಫೋನ್ ನಂಬರುಗಳನ್ನು ಟಿಪ್ಪಣಿಗಳಿಂದ ಬೇರೆಯಾಗಿ ಇಟ್ಟೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ಒತ್ತು ಕೊಡುತ್ತದೆ ಎಂಬುದಕ್ಕಿಂತ, ಅದೇ ಊರುಗಳಿಗೆ ಮತ್ತೆ ಹೋಗಬೇಕಾದವನಿಗೆ ಜನರ ವಿಶ್ವಾಸವೇ ದೊಡ್ಡದು. ಒಂದು ಪ್ರಶ್ನೆ ಮಾತ್ರ ಪ್ರತಿ ಊರಿನಲ್ಲಿಯೂ ಎದುರಾಗುತ್ತಿತ್ತು: "ನೀವು ಬಂದೀರಿ ಅಂದ್ರ ನೀರು ಬಿಡಸ್ತೀರೇನ್ರಿ?" ಇಲ್ಲವೆಂದು ಮೊದಲೇ ಸ್ಪಷ್ಟವಾಗಿ ಹೇಳುತ್ತಿದ್ದೆ. ನೀರಿಗಾಗಿ ಕಾದು ಕುಳಿತವರಲ್ಲಿ, ಸುಮ್ಮನಿದ್ದಾದರೂ ಸರಿ, ಆಸೆ ಹುಟ್ಟಿಸಿ ಮಾಹಿತಿ ಪಡೆಯುವುದು ಅನ್ಯಾಯ.

ವಿಶ್ಲೇಷಣೆಗೆ ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತಾ ಅವರ ವಿಧಾನವನ್ನು ಅನುಸರಿಸಿದೆ. ಒಂದು ಚೀಟಿಗೆ ಒಂದೇ ಸಂಗತಿಯನ್ನು, ಸಾಧ್ಯವಾದಷ್ಟೂ ಹೇಳಿದವರ ಮಾತಿನಲ್ಲಿಯೇ ಬರೆದು, ಎಲ್ಲವನ್ನೂ ನೆಲದ ಮೇಲೆ ಹರಡಿ, ಒಂದಕ್ಕೊಂದು ಹೊಂದುವಂತೆ ಕಂಡವುಗಳನ್ನು ಹತ್ತಿರ ತರುತ್ತಾ ಹೋಗುವುದು, ಗುಂಪು ಮೂಡಿದ ನಂತರವೇ ಅದಕ್ಕೆ ಹೆಸರಿಡುವುದು ಈ ವಿಧಾನದ ತಿರುಳು. ಹೆಸರನ್ನು ಮೊದಲೇ ಇಟ್ಟುಕೊಂಡರೆ ನಾವು ಹುಡುಕುತ್ತಿದ್ದುದೇ ನಮಗೆ ಸಿಗುತ್ತದೆ. ಚೀಟಿಗಳೆಲ್ಲ ಕೊನೆಗೆ ಮೂರು ತೀರ್ಮಾನಗಳ ಸುತ್ತ ಸೇರಿದವು. ಸಸಿಮಡಿ ಹಾಕುವುದು ಯಾವಾಗ ಎಂಬುದು ಮೊದಲನೆಯದು. ಸಸಿ ನಾಟಿಗೆ ಬರಲು ಸುಮಾರು 25ರಿಂದ 30 ದಿನ ಬೇಕು, ನೀರು ಅದಕ್ಕಿಂತ ಬಹಳ ತಡವಾದರೆ ಸಸಿ ಬಲಿತು ಇಳುವರಿ ಕುಗ್ಗುತ್ತದೆ. ನಾಟಿ ಗುಂಪಿಗೆ ಮುಂಗಡ ಕೊಡುವುದು ಎಂದು ಎಂಬುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಭಾರವಾದ ತೀರ್ಮಾನ: ಈ ಸಲ ಭತ್ತದ ನಾಟಿಯನ್ನೇ ಕೈಬಿಟ್ಟು ಕೂರಿಗೆ ಭತ್ತ ಬಿತ್ತಬೇಕೇ, ಅಥವಾ ಹತ್ತಿ, ಜೋಳಗಳಿಗೆ ಹೋಗಬೇಕೇ? ಈ ಮೂರಕ್ಕೂ ಬೇಕಾದ ಮಾಹಿತಿ ಒಂದೇ ಅಲ್ಲ, ಬೇಕಾದ ಕಾಲವೂ ಒಂದೇ ಅಲ್ಲ. ಜಲಾಶಯದ ಒಳಹರಿವು ಮೂರನೆಯ ತೀರ್ಮಾನಕ್ಕೆ ಮುಖ್ಯ, ನಾಟಿಯ ದಿನಕ್ಕೆ ಬೇಕಾದದ್ದು ತಮ್ಮ ಉಪಕಾಲುವೆಯ ಸರದಿ ಮಾತ್ರ.

ಇದನ್ನು ವಿನ್ಯಾಸಕಾರರ ಮುಂದೆ ಇಟ್ಟಾಗ, ಜಲಾಶಯದ ಮಟ್ಟದ ನಕ್ಷೆಯೇ ಮೊದಲ ಪರದೆಯಾಗಿದ್ದ ಕರಡು ಬದಲಾಯಿತು. ಮುಖ್ಯ ಸೇವೆ ಧ್ವನಿ ಕರೆಯಾಯಿತು, ಪರದೆ ಅದರ ಪೂರಕವಾಯಿತು. ತಂತ್ರಾಂಶ ಬರೆಯುವ ಮೊದಲು ಕರೆಯನ್ನು ಯಂತ್ರದ ಬದಲು ಮನುಷ್ಯರಿಂದಲೇ ಮಾಡಿಸಿ ಪರೀಕ್ಷಿಸಿದೆವು. ನಮ್ಮ ತಂಡದವರೊಬ್ಬರು ಸಂಜೆ ಫೋನ್ ಮಾಡಿ, ಬರೆದುಕೊಂಡ ಸಂದೇಶವನ್ನು ಒಂದಕ್ಷರವೂ ಬದಲಿಸದೆ ಓದಿ ಕರೆ ಮುಗಿಸುತ್ತಿದ್ದರು. ನಾನು ಆ ಮನೆಯಲ್ಲಿ ಕುಳಿತು, ಕರೆ ಮುಗಿದ ಮೇಲೆ ಅವರು ಮನೆಯವರಿಗೆ ಏನೆಂದು ಹೇಳುತ್ತಾರೆ ಎಂಬುದನ್ನು ಕೇಳಿಸಿಕೊಳ್ಳುತ್ತಿದ್ದೆ. ಅರ್ಥವಾಯಿತೇ ಎಂದು ಕೇಳುವುದಕ್ಕಿಂತ ಇದು ಎಷ್ಟೋ ನಂಬಲರ್ಹ. ಸಂದೇಶ ನಮಸ್ಕಾರದಿಂದ, ಸಂಸ್ಥೆಯ ಹೆಸರಿನಿಂದ ಆರಂಭವಾದಾಗ ಹಲವರು ಅದನ್ನು ಜಾಹೀರಾತಿನ ಕರೆಯೆಂದು ತಿಳಿದು ಕತ್ತರಿಸಿದರು. ಉಪಕಾಲುವೆಯ ಸಂಖ್ಯೆಯಿಂದ ಆರಂಭಿಸಿದಾಗ ಮನೆಯವರನ್ನು ಸುಮ್ಮನಿರಿಸಿ ಕೇಳಿದರು. ವಾರದ ಹೆಸರು ಹೇಳಿದರೆ ನೆನಪಿನಲ್ಲಿ ಉಳಿಯುತ್ತಿತ್ತು, ಬರಿಯ ತಾರೀಖು ಉಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು, ಈ ವಾರ ನಿಮ್ಮ ಉಪಕಾಲುವೆಗೆ ನೀರು ಬರುವುದಿಲ್ಲ ಎಂಬ ಸಂದೇಶ. ಏನೂ ಇಲ್ಲದ ದಿನ ಕರೆ ಮಾಡುವುದೇಕೆ ಎಂಬ ಪ್ರಶ್ನೆ ತಂಡದಲ್ಲಿ ಎದ್ದಿತ್ತು. ಆದರೆ ಆ ಒಂದು ಮಾತಿನಿಂದ ರಾತ್ರಿ ಬ್ಯಾಟರಿ ಹಿಡಿದು ತೂಬಿನವರೆಗೆ ಹೋಗಿಬರುವುದು ತಪ್ಪುತ್ತಿತ್ತು, ನಾಟಿ ಗುಂಪಿಗೆ ಹೇಳಿ ಕೂಲಿಯ ಜಗಳಕ್ಕೆ ಸಿಲುಕುವುದೂ ತಪ್ಪುತ್ತಿತ್ತು.

ಪರೀಕ್ಷೆಗೆ ಎಷ್ಟು ಜನ ಸಾಕು ಎಂದು ಈ ವೃತ್ತಿಗೆ ಹೊಸದಾಗಿ ಬಂದವರು ಕೇಳುತ್ತಾರೆ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಬ್ಬರ ಪರೀಕ್ಷೆಯಲ್ಲಿ ಸರಾಸರಿ ಶೇ 31ರಷ್ಟು ತೊಡಕುಗಳು ಹೊರಬೀಳುವುದಾದರೆ, ಐವರ ಪರೀಕ್ಷೆಯಲ್ಲಿ ಸುಮಾರು ಶೇ 85ರಷ್ಟು ಹೊರಬೀಳುತ್ತವೆ. ಈ ಲೆಕ್ಕ ಉಪಯುಕ್ತ, ಆದರೆ ಅದು ಒಂದೇ ಬಗೆಯ ಬಳಕೆದಾರರಿಗೆ ಮತ್ತು ತಯಾರಾದ ಕರಡಿನ ತೊಡಕುಗಳಿಗೆ ಅನ್ವಯಿಸುತ್ತದೆ. ಮೇಲ್ಭಾಗದ ಐವರನ್ನು ಪರೀಕ್ಷಿಸಿ ಕೊನೆಭಾಗದವರ ಬಗ್ಗೆ ಏನನ್ನೂ ಹೇಳಲಾಗದು. ಜನರ ಬದುಕಿನ ತೀರ್ಮಾನಗಳನ್ನು ಅರಿಯುವ ಆರಂಭದ ಸಂದರ್ಶನಗಳಿಗಂತೂ ಈ ಸಂಖ್ಯೆಯನ್ನು ಹಚ್ಚಲೇಬಾರದು. ಅಲ್ಲಿ ಪ್ರತಿ ಗುಂಪಿನಲ್ಲಿ ಹೊಸ ಸಂಗತಿ ಬರುವುದು ನಿಲ್ಲುವವರೆಗೂ ಮುಂದುವರಿಯಬೇಕು.

ನಾಟಿ ಗುಂಪುಗಳ ಮಹಿಳೆಯರ ವಿಷಯವನ್ನು ಪ್ರತ್ಯೇಕವಾಗಿ ಬರೆಯಲೇಬೇಕು. ಹೊಲದ ಕೆಲಸದ ಹೊತ್ತಿನಲ್ಲಿ ಮಾತನಾಡಿಸಿದರೆ ಅವರ ಕೂಲಿಗೆ ಕತ್ತರಿ ಬೀಳುತ್ತದೆ, ಆದ್ದರಿಂದ ಆ ಹೊತ್ತಿನ ಕೂಲಿಯನ್ನು ಲೆಕ್ಕ ಹಾಕಿ ಕೊಟ್ಟೇ ಮಾತಿಗೆ ಕುಳಿತೆವು. ಎಕರೆಯ ಲೆಕ್ಕದಲ್ಲಿ ನಾಟಿಯ ಗುತ್ತಿಗೆ ಹಿಡಿಯುವ ಈ ಗುಂಪುಗಳು ನೀರಿನ ಹಿಂದೆಯೇ ಮೇಲ್ಭಾಗದಿಂದ ಕೆಳಭಾಗಕ್ಕೆ ಸಾಗುತ್ತವೆ. ಗುಂಪನ್ನು ಕರೆದೊಯ್ಯುವ ಒಬ್ಬ ಅಕ್ಕನಿಗೆ ಹತ್ತಾರು ಉಪಕಾಲುವೆಗಳ ಸ್ಥಿತಿ ಒಟ್ಟಿಗೇ ಬೇಕು, ರೈತರಿಗೆ ತಮ್ಮದೊಂದರದು ಸಾಕು. ನಮ್ಮ ಸೇವೆಯ ನೋಂದಣಿಯಲ್ಲಿ ಒಂದು ಫೋನ್ ನಂಬರಿಗೆ ಒಂದೇ ಉಪಕಾಲುವೆ ಎಂಬ ನಿಯಮವಿತ್ತು. ಆ ನಿಯಮವನ್ನು ತೆಗೆಸಲು ನಾನು ತಂತ್ರಾಂಶ ಬರೆಯುವ ಇಬ್ಬರನ್ನು ಆ ಅಕ್ಕನ ಮನೆಗೇ ಕರೆದೊಯ್ದೆ. ವರದಿಯಲ್ಲಿ ಬರೆದ ವಾಕ್ಯಕ್ಕಿಂತ, ಅವರ ನೋಟ್‌ಬುಕ್ಕಿನಲ್ಲಿ ಊರುಗಳ ಹೆಸರಿನ ಮುಂದೆ ಬರೆದು ಹೊಡೆದುಹಾಕಿದ ದಿನಗಳನ್ನು ಕಣ್ಣಾರೆ ನೋಡಿದ್ದು ಹೆಚ್ಚು ಕೆಲಸ ಮಾಡಿತು.

ಸೇವೆ ಆರಂಭವಾದ ನಂತರವೂ ಅಳತೆಯನ್ನು ಅದೇ ಮೂರು ತೀರ್ಮಾನಗಳಿಗೆ ಕಟ್ಟಿದ್ದೇವೆ. ಎಷ್ಟು ಕರೆಗಳನ್ನು ಪೂರ್ತಿ ಕೇಳಿದರು ಎಂಬ ಅಂಕಿ ಯಂತ್ರದಲ್ಲಿಯೇ ಸಿಗುತ್ತದೆ, ಆದರೆ ಸಸಿಮಡಿ ಹಾಕಿದ ದಿನ ಬದಲಾಯಿತೇ, ಕೊಟ್ಟ ಮುಂಗಡ ವ್ಯರ್ಥವಾಯಿತೇ, ಬೆಳೆಯ ಆಯ್ಕೆ ಯಾವ ಸುದ್ದಿಯ ಮೇಲೆ ನಿಂತಿತ್ತು ಎಂಬುದನ್ನು ತಿಳಿಯಲು ಸುಗ್ಗಿ ಮುಗಿದ ಮೇಲೆ ಮತ್ತೆ ಅದೇ ಮನೆಗಳಿಗೆ ಹೋಗಬೇಕು. ಆ ಭೇಟಿಯ ಪ್ರಶ್ನೆಗಳನ್ನು ಈಗ ಸಿದ್ಧಪಡಿಸುತ್ತಿದ್ದೇನೆ. ಲೀಜು ಬಿಟ್ಟು ಊರು ಬದಲಿಸಿದವರನ್ನೂ ಹುಡುಕಿ ಮಾತನಾಡಿಸಬೇಕೆಂದು ಪಟ್ಟಿಯ ಮೊದಲಿಗೇ ಬರೆದುಕೊಂಡಿದ್ದೇನೆ.