ಅಕ್ಕನ ಮಗಳ ಆನೆ ನಿಲ್ಲಿಸಿದ್ದು

ಕ್ರೇಯಾನ್ ಫಿಸಿಕ್ಸ್ ಡಿಲಕ್ಸ್ ಆಡಿದವರಿಗೆ ಆ ಕ್ಷಣ ನೆನಪಿರುತ್ತದೆ. ಕಾಗದದಂಥ ಪರದೆಯ ಮೇಲೆ ಒಂದು ಸೊಟ್ಟ ಚೌಕ ಬಿಡಿಸುತ್ತೀರಿ. ಮೌಸ್ ಬಿಟ್ಟ ಕೂಡಲೇ ಅದು ಧೊಪ್ಪೆಂದು ಬೀಳುತ್ತದೆ. ಚೆಂಡನ್ನು ನಕ್ಷತ್ರಕ್ಕೆ ಮುಟ್ಟಿಸಬೇಕು, ಆಟ ಅಷ್ಟೇ. ಫಿನ್ಲೆಂಡಿನ ಪೆಟ್ರಿ ಪುರ್ಹೊ ಮಾಡಿದ ಈ ಆಟ 2009ರಲ್ಲಿ ಬಂತು. ಅದರ ಮೊದಲ ಪುಟ್ಟ ರೂಪವನ್ನು ಅವರು 2007ರಲ್ಲಿ ಒಂದು ವಾರದೊಳಗೇ ಮುಗಿಸಿದ್ದರು. ಹಾಗಾದರೆ ನಾನೂ ಅಂಥದ್ದೊಂದು ಆಟವನ್ನು ಒಂದು ವಾರದಲ್ಲಿ ಮಾಡಬಹುದು ಅಂದುಕೊಂಡೆ. ಎರಡು ತಿಂಗಳು ಹಿಡಿಯಿತು.

ಬೀಳುವ, ಉರುಳುವ, ಡಿಕ್ಕಿ ಹೊಡೆಯುವ ಲೆಕ್ಕವನ್ನು ನಾನು ಬರೆಯಲಿಲ್ಲ. ಅದಕ್ಕೆ ಎರಿನ್ ಕ್ಯಾಟೊ ಬರೆದ ಬಾಕ್ಸ್‌ಟುಡಿ ಎಂಬ ಉಚಿತ ಲೈಬ್ರರಿ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಕೋಡ್, ಇದೆ. ಆಂಗ್ರಿ ಬರ್ಡ್ಸ್ ಹಕ್ಕಿಗಳು ಹಾರಿದ್ದೂ ಅದರ ಲೆಕ್ಕದ ಮೇಲೆಯೇ. ಆದರೂ ನನ್ನ ಮೊದಲ ಚೆಂಡು ಬೀಳಲೇ ಇಲ್ಲ, ಬೂರುಗದ ಹತ್ತಿಯ ಹಾಗೆ ತೇಲುತ್ತಾ ಇಳಿಯಿತು. ಬಾಕ್ಸ್‌ಟುಡಿಗೆ ಎಲ್ಲವೂ ಮೀಟರ್ ಲೆಕ್ಕ. ನಾನು ಪರದೆಯ ಪುಟ್ಟ ಚುಕ್ಕೆಯನ್ನೇ, ಅಂದರೆ ಪಿಕ್ಸೆಲ್ಲನ್ನೇ, ಮೀಟರ್ ಅಂತ ಕೊಟ್ಟಿದ್ದೆ. 40 ಮೀಟರ್ ಅಗಲದ ಚೆಂಡು 600 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ಹೊತ್ತು ಹಿಡಿಯದೆ ಇನ್ನೇನಾಗುತ್ತದೆ ಹೇಳಿ! 50 ಪಿಕ್ಸೆಲ್‌ಗೆ ಒಂದು ಮೀಟರ್ ಮಾಡಿದೆ, ಸರಿಹೋಯಿತು.

ನಿಜವಾದ ತಲೆನೋವು ಗೆರೆಯದು. ಬೆರಳಿನಿಂದ ಒಂದು ಗೆರೆ ಎಳೆದರೆ ನೂರಾರು ಚುಕ್ಕೆ ಬರುತ್ತವೆ. ಚುಕ್ಕೆಯಿಂದ ಚುಕ್ಕೆಗೆ ಒಂದೊಂದು ತೆಳ್ಳನೆ ಪಟ್ಟಿ ಇಟ್ಟು, ಎಲ್ಲವನ್ನೂ ಸೇರಿಸಿ ಒಂದೇ ವಸ್ತು ಮಾಡಬೇಕು. ಅಷ್ಟು ಪಟ್ಟಿಗಳಿದ್ದರೆ ನನ್ನ ಹಳೇ ಟ್ಯಾಬ್ಲೆಟ್ ಏದುಸಿರು ಬಿಡುತ್ತಿತ್ತು. ಬೇಡದ ಚುಕ್ಕೆ ಕಿತ್ತುಹಾಕಲು ಡಗ್ಲಸ್-ಪ್ಯೂಕರ್ ಎಂಬ ಹಳೆಯ ವಿಧಾನ ಹಾಕಿದೆ. ನಕ್ಷೆಗಳಲ್ಲಿ ನದಿ, ಕರಾವಳಿ ಗೆರೆಗಳನ್ನು ಸರಳ ಮಾಡಲೂ ಇದನ್ನು ಬಳಸುತ್ತಾರೆ. ಆಟ ಸಲೀಸಾಯಿತು. ಗೆರೆಗಳೂ ಅಂದವಾದವು, ನನಗೆ ಖುಷಿಯೋ ಖುಷಿ.

ಎಂಟು ವರ್ಷದ ಅಕ್ಕನ ಮಗಳ ಕೈಗೆ ಕೊಟ್ಟೆ. ಬೆರಳು ಎತ್ತದೆ ಒಂದೇ ಗೆರೆಯಲ್ಲಿ ಆನೆ ಬಿಡಿಸಿದಳು. ಬೆರಳು ಬಿಟ್ಟಳು. ಮುಖ ಸಪ್ಪೆಯಾಯಿತು.

"ಮಾಮ, ಇದು ನನ್ನ ಆನೆ ಅಲ್ಲ."

ನೋಡಿದರೆ ಹೌದು. ಚುಕ್ಕೆ ಕಿತ್ತುಹಾಕಿದ್ದರಿಂದ ದುಂಡಗಿನ ಕಿವಿ ಮೂರು ಮೂಲೆಯಾಗಿತ್ತು. ಈ ಆಟಗಳ ಸೆಳೆತ ಭೌತಶಾಸ್ತ್ರದಲ್ಲಿದೆ ಅಂತ ನಾನು ನಂಬಿದ್ದೆ. ಅವಳಿಗೆ ಬೇಕಿದ್ದದ್ದು ಅವಳದೇ ಸೊಟ್ಟ ಗೆರೆ ಹಾಗ್ಹಾಗೇ ಎದ್ದು ನಿಲ್ಲುವುದು. ಅಂದು ರಾತ್ರಿಯೇ ಎರಡನ್ನೂ ಬೇರೆ ಮಾಡಿದೆ. ಕಣ್ಣಿಗೆ ಕಾಣುವುದು ಅವಳು ಎಳೆದ ಗೆರೆ, ಒಳಗೆ ಲೆಕ್ಕಕ್ಕೆ ಮಾತ್ರ ಸರಳ ಗೆರೆ. ಎರಡರ ನಡುವೆ ಮೂರು ಪಿಕ್ಸೆಲ್‌ಗಿಂತ ಜಾಸ್ತಿ ಅಂತರ ಬಿಡಲಿಲ್ಲ.

ಆನೆ ಈಗ ಅವಳದೇ ಆಯಿತು, ಆದರೆ ಮುಗ್ಗರಿಸಿತು. ತಲೆ, ಸೊಂಡಿಲು ಎಲ್ಲ ಒಂದೇ ಕಡೆ ಅಲ್ವಾ? ಬಾಲ ಉದ್ದ ಮಾಡಿದಳು, ಸಾಲಲಿಲ್ಲ. ಸಿಟ್ಟಿಗೆ ಬಾಲದ ತುದಿಯಲ್ಲಿ ಗರಗರ ಗೀಚಿದಳು. ಪ್ರತಿ ಪಟ್ಟಿಗೂ ತೂಕ ಇರುವುದರಿಂದ ಆ ಗೀಚಿದ ಉಂಡೆ ಭಾರವಾಯಿತು. ಆನೆ ಒಮ್ಮೆ ತೂಗಾಡಿ ನಿಂತೇ ಬಿಟ್ಟಿತು. ನಾನು ಯೋಚಿಸಿಯೇ ಇರದ ಉಪಾಯ.

ನಕ್ಷತ್ರದ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಆ ಹಂತದಿಂದ ಅದನ್ನು ತೆಗೆದುಹಾಕಿದ್ದೇನೆ. ಈಗ ಅಲ್ಲಿ ಬರೀ ನೆಲ ಇದೆ.