ಲೂಕ 15ನ್ನು ಅಣ್ಣನಾಗಿ ಓದಿದೆ

ಬೈಬಲ್‌ನ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳುವ ತಪ್ಪಿಹೋದ ಮಗನ ಕಥೆ ನನಗೆ ಬಾಯಿಪಾಠ. ಕಿರಿಯ ಮಗ ಆಸ್ತಿಯ ಪಾಲು ತೆಗೆದುಕೊಂಡು ಹೋಗಿ, ಎಲ್ಲ ಹಾಳುಮಾಡಿ ಮರಳುತ್ತಾನೆ; ಅಪ್ಪ ಹಬ್ಬ ಮಾಡಿಸುತ್ತಾನೆ; ಅಣ್ಣ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಓದುವಾಗಲೆಲ್ಲ ಸುಮ್ನೆ ಕಿರಿಯವನ ಹಿಂದೆಯೇ ಹೋಗುತ್ತಿದ್ದೆ. ಹಂದಿ ಮೇಯಿಸುವುದು, ಹಸಿವು, ಮನೆಗೆ ವಾಪಸ್ ಬರುವುದು, ಅಪ್ಪ ತಬ್ಬಿಕೊಳ್ಳುವುದು. ಅಷ್ಟರಲ್ಲಿ ಕಣ್ಣು ತುಂಬುತ್ತಿತ್ತು. ಅಣ್ಣನ ಬಗ್ಗೆ ಇರುವ ಕೊನೆಯ ಎಂಟು ವಚನಗಳನ್ನು ಮಾತ್ರ ಬೇಗ ಬೇಗ ದಾಟಿಬಿಡುತ್ತಿದ್ದೆ.

ಕಥೆಯೊಳಗೆ ನಿಂತು ಪ್ರಾರ್ಥಿಸುವುದು ಹೊಸದೇನಲ್ಲ. ಕ್ರೈಸ್ತ ಸಂತ ಲೊಯೋಲಾದ ಇಗ್ನೇಷಿಯಸ್ 16ನೇ ಶತಮಾನದಲ್ಲೇ ಕಲಿಸಿದ್ದರು: ಆ ಜಾಗವನ್ನು ನೋಡು, ಅಲ್ಲಿಯ ಮಾತು ಕೇಳಿಸಿಕೋ. ನಾನು ಒಂದು ನಿಯಮ ಸೇರಿಸಿಕೊಂಡೆ. ಒಂದು ಸಲಕ್ಕೆ ಒಬ್ಬರೇ. ಅವರಿಗೆ ಗೊತ್ತಿಲ್ಲದ್ದು ನನಗೂ ಗೊತ್ತಿಲ್ಲ.

ಅಣ್ಣನಾಗಿ ಓದಲು ಕೂತಾಗ ಈ ನಿಯಮದ ಬಲ ತಿಳಿಯಿತು. ತಮ್ಮ ಹಸಿದದ್ದು ಅಣ್ಣನಿಗೆ ಗೊತ್ತಿಲ್ಲ. ತಪ್ಪೊಪ್ಪಿಕೊಂಡ ಮಾತೂ ಅವನ ಕಿವಿಗೆ ಬಿದ್ದಿಲ್ಲ. ಹೊಲದಿಂದ ಬರುವಾಗ ಕೇಳಿಸಿದ್ದು ವಾದ್ಯದ ಸದ್ದು, ಕುಣಿತ, ಅಷ್ಟೇ. ತನ್ನ ಮನೆಯಲ್ಲೇ ಏನು ನಡೀತಿದೆ ಎಂದು ಆಳನ್ನು ಕರೆದು ಕೇಳಬೇಕು! ಕರೆಯಲು ಯಾರೂ ಹೊಲಕ್ಕೆ ಬಂದಂತಿಲ್ಲ, ಅಲ್ವಾ? ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಆ ಸಿಟ್ಟಿನಲ್ಲೇ 30ನೇ ವಚನವನ್ನು ಜೋರಾಗಿ ಓದಿದೆ. ‘ಈ ನಿನ್ನ ಮಗ’ ಎನ್ನುವಾಗ ನಾಲಿಗೆ ತಡೆಯಿತು. ಆಳು ‘ನಿನ್ನ ತಮ್ಮ’ ಎಂದಿದ್ದ. ಅಪ್ಪನೂ ‘ಈ ನಿನ್ನ ತಮ್ಮ’ ಎನ್ನುತ್ತಾನೆ. ಅಣ್ಣನ ಬಾಯಲ್ಲಿ ಮಾತ್ರ ‘ತಮ್ಮ’ ಅನ್ನೋ ಮಾತು ಬರುವುದೇ ಇಲ್ಲ. ನನ್ನ ತಮ್ಮನ ಜೊತೆ ಜಗಳವಾದಾಗಿನಿಂದ ನಾನೂ ಅಮ್ಮನ ಹತ್ತಿರ ‘ನಿನ್ನ ಮಗ’ ಎಂದೇ ಮಾತಾಡುತ್ತಿದ್ದೆ. ಆ ದಿನ ಪ್ರಾರ್ಥನೆಗೆ ಮಾತೇ ಹೊರಡಲಿಲ್ಲ.

ಮಾರನೆಯ ದಿನ ಆಳಾಗಿ ಓದಿದೆ. ಜಾಸ್ತಿ ಏನೂ ಸಿಗಲಿಲ್ಲ. ಹಾಗಾಗುವುದೂ ಉಂಟು, ಬಲವಂತ ಮಾಡಬಾರದು. ಮೂರನೆಯ ದಿನ ತಂದೆಯಾದೆ. ಒಬ್ಬ ಮಗನಿಗಾಗಿ ಓಡಿಹೋದವನು ಇನ್ನೊಬ್ಬನಿಗಾಗಿ ಹಬ್ಬದ ನಡುವೆ ಎದ್ದು ಬರುತ್ತಾನೆ. ಇಬ್ಬರೂ ಅವನಿಗೆ ಸಿಕ್ಕಿದ್ದು ಮನೆಯ ಹೊರಗೇ. ಎಷ್ಟು ವರ್ಷ ಓದಿದರೂ ಇದು ನನಗೆ ಕಂಡಿರಲಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಅಣ್ಣನ ಬೆವರು, ಕಾಲಿನ ಧೂಳು ನನ್ನ ಕಲ್ಪನೆ, ವಚನದಲ್ಲಿ ಇಲ್ಲ. ಅದಕ್ಕೇ ಮುಗಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಮತ್ತೊಮ್ಮೆ ಓದುತ್ತೇನೆ. ಹಾಗೆ ಓದುವಾಗಲೇ ಅಧ್ಯಾಯದ ಶುರುವಿಗೆ ಗಮನ ಹೋಯಿತು. ಪಾಪಿಗಳ ಜೊತೆ ಊಟ ಮಾಡುತ್ತಾನೆ ಎಂದು ಗೊಣಗಿದ ಫರಿಸಾಯರಿಗೇ (ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಥದವರಿಗೇ) ಯೇಸು ಈ ಕಥೆ ಹೇಳಿದ್ದು.

ಅಣ್ಣ ಒಳಗೆ ಹೋದನೋ ಇಲ್ಲವೋ, ಕಥೆಯಲ್ಲಿ ಇಲ್ಲ. ನಾನೂ ಆ ಬಾಗಿಲಲ್ಲಿ ಮೂರು ದಿನ ನಿಂತಿದ್ದೆ. ನಾಲ್ಕನೆಯ ದಿನ ಅಮ್ಮನಿಗೆ ಫೋನ್ ಮಾಡಿ, ‘ತಮ್ಮ ಹೇಗಿದ್ದಾನೆ?’ ಎಂದು ಕೇಳಿದೆ.